ಫ್ರೀಕ್ಯಾಡ್‌ನಲ್ಲಿ ಬೋಲ್ಟ್ ಥ್ರೆಡ್: ಸುರುಳಿ ಯಾಕೆ ಒಡೆಯುತ್ತದೆ, ಯಾವ ಕ್ರಮದಲ್ಲಿ ಕೊರೆಯಬೇಕು

ಫ್ರೀಕ್ಯಾಡ್ ಎಂದರೆ ಕಂಪ್ಯೂಟರ್‌ನಲ್ಲಿ ಭಾಗಗಳ ತ್ರೀಡಿ ಆಕಾರ ಬಿಡಿಸುವ ಸಾಫ್ಟ್‌ವೇರ್. ಅದರಲ್ಲಿ ಬೋಲ್ಟ್ ಮಾಡುವಾಗ ಸಿಲಿಂಡರ್ ಮಾಡುವವರೆಗೆ ಎಲ್ಲ ಸರಿಯಾಗಿರುತ್ತದೆ. ಥ್ರೆಡ್ಡಿಗೆಂದು ಹೆಲಿಕ್ಸ್, ಅಂದರೆ ಸುರುಳಿ, ಕೊಟ್ಟ ಕೂಡಲೇ ಎಡಗಡೆಯ ಪಟ್ಟಿಯಲ್ಲಿ ಕೆಂಪು ಗುರುತು ಬೀಳುತ್ತದೆ, ಇಲ್ಲವೇ ಅರ್ಧ ಬೋಲ್ಟೇ ಮಾಯವಾಗುತ್ತದೆ. ಇನ್ನು ಕೆಲವು ಸಲ ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಪ್ರಿಂಟ್ ಆಗಿ ಕೈಗೆ ಬಂದಮೇಲೆ ನಟ್‌ಗೆ ಏರುವುದೇ ಇಲ್ಲ. ಶಿವಮೊಗ್ಗದ ಡಿಪ್ಲೊಮಾ, ಐಟಿಐ ವಿದ್ಯಾರ್ಥಿಗಳಿರಲಿ, ತೋಟದ ಸಲಕರಣೆಗೆ ಮುಚ್ಚಳವನ್ನೋ ಜೋಡಣೆಯನ್ನೋ ಪ್ರಿಂಟ್ ಮಾಡಿಕೊಳ್ಳುವ ಸಾಗರ, ತೀರ್ಥಹಳ್ಳಿ ಕಡೆಯವರಿರಲಿ, ಎಡವುವುದು ಈ ಮೂರು ಜಾಗದಲ್ಲೇ. ಹೆಚ್ಚಿನ ಸಲ ತಪ್ಪು ಸಾಫ್ಟ್‌ವೇರ್‌ನದ್ದಲ್ಲ. ಕೊರೆಯುವ ತೋಡಿನ ಅಳತೆ ಕೂದಲೆಳೆಯಷ್ಟು ಹೆಚ್ಚಾಗಿರುತ್ತದೆ, ಅಥವಾ ಕೆಲಸದ ಕ್ರಮ ಹಿಂದುಮುಂದಾಗಿರುತ್ತದೆ.

ಇಲ್ಲಿ ಎಂ10 × 1.5 ಬೋಲ್ಟನ್ನು ಮೊದಲಿನಿಂದ ಕೊನೆಯವರೆಗೆ ಮಾಡೋಣ. ಇದರಲ್ಲಿ 10 ಹೊರ ವ್ಯಾಸ. 1.5 ಪಿಚ್, ಅಂದರೆ ಥ್ರೆಡ್ಡಿನ ಒಂದು ಏಣಿನಿಂದ (ಎದ್ದ ಭಾಗದಿಂದ) ಮುಂದಿನ ಏಣಿಗಿರುವ ದೂರ. ಎರಡೂ ಮಿ.ಮೀ. ಲೆಕ್ಕದಲ್ಲಿ. ಹೆಸರುಗಳು ಫ್ರೀಕ್ಯಾಡ್ 1.0ರ ಪ್ರಕಾರ ಇವೆ. 0.21ರಲ್ಲೂ ಇದೇ ಹಂತಗಳು ನಡೆಯುತ್ತವೆ, ಒಂದೆರಡು ಬಟನ್ ಬೇರೆ ಕಡೆ ಇರುತ್ತವೆ, ಮುಂದೆ ಬರುವ ಸಪ್ರೆಸ್ಡ್ ಗುಣ ಮಾತ್ರ ಅದರಲ್ಲಿಲ್ಲ.

ಮೊದಲು ಕೇಳಿಕೊಳ್ಳಬೇಕಾದ್ದು: ಥ್ರೆಡ್ ನಿಜವಾಗಿ ಬೇಕೇ?

ಭಾಗ ಲೇಥ್‌ಗೆ ಹೋಗುವುದಾದರೆ ಬೇಡ. ಮಾಚೇನಹಳ್ಳಿಯ ಶೆಡ್ಡಿನಲ್ಲಾಗಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್‌ನಲ್ಲಾಗಲಿ ಟರ್ನರ್‌ಗೆ ಬೇಕಿರುವುದು 10 ಮಿ.ಮೀ. ವ್ಯಾಸದ ನಯವಾದ ಕಂಬಿಯ ಚಿತ್ರ, ಪಕ್ಕದಲ್ಲಿ "ಎಂ10 × 1.5, ಉದ್ದ 19" ಎಂಬ ಬರಹ. ಒಳ ಥ್ರೆಡ್ ಆದರೆ 8.5 ಮಿ.ಮೀ. ರಂಧ್ರ ತೋರಿಸಿ "ಎಂ10 ಟ್ಯಾಪ್" (ರಂಧ್ರದೊಳಗೆ ಥ್ರೆಡ್ ಕೊರೆಯುವ ಸಲಕರಣೆ) ಎಂದು ಬರೆದರೆ ಸಾಕು. ಸುರುಳಿಯನ್ನು ಕೊರೆದು ಕಳಿಸಿದರೆ ಚಿತ್ರದ ಗೆರೆಗಳು ಗೋಜಲಾಗುತ್ತವೆ, ಫೈಲ್ ಭಾರವಾಗುತ್ತದೆ, ಅಳತೆ ಓದುವವರಿಗೆ ಗೊಂದಲ.

ಥ್ರೆಡ್ಡನ್ನು ನಿಜವಾಗಿ ಕೊರೆಯಬೇಕಾದ್ದು ಎರಡೇ ಸಂದರ್ಭದಲ್ಲಿ: ತ್ರೀಡಿ ಪ್ರಿಂಟ್ ಮಾಡುವಾಗ, ಅಥವಾ ನೋಡುವವರಿಗೆ ಥ್ರೆಡ್ ಎದ್ದು ಕಾಣಬೇಕಾದ ಚಿತ್ರ ತಯಾರಿಸುವಾಗ. ಚಿತ್ರಕ್ಕಷ್ಟೇ ಆದರೆ ಆ್ಯಡ್-ಆನ್ ಮ್ಯಾನೇಜರ್‌ನಿಂದ ಫಾಸ್ಟನರ್ಸ್ ವರ್ಕ್‌ಬೆಂಚ್ (ರೆಡಿಮೇಡ್ ಬೋಲ್ಟ್, ನಟ್‌ಗಳ ಉಪಕರಣ ಗುಂಪು) ಹಾಕಿಕೊಳ್ಳಿ. ಬೋಲ್ಟ್ ಆರಿಸಿ ಅದರ ಥ್ರೆಡ್ ಗುಣವನ್ನು ಟ್ರೂ ಮಾಡಿದರೆ ಮುಗಿಯಿತು. ಮುಂದಿನ ಹಂತಗಳು ಪ್ರಿಂಟ್ ಮಾಡುವವರಿಗೆ, ಮತ್ತು ಪೈಪಿನ ಥ್ರೆಡ್ಡಿನಂತೆ ರೆಡಿಮೇಡ್ ಸಿಗದ್ದನ್ನು ಮಾಡಬೇಕಾದವರಿಗೆ.

ಬೇಕಾಗುವ ಸಾಮಾನು

ಫ್ರೀಕ್ಯಾಡ್, ಒಂದು ವರ್ನಿಯರ್ ಕ್ಯಾಲಿಪರ್, ಸಾಧ್ಯವಾದರೆ ಒಂದು ಪಿಚ್ ಗೇಜ್, ಮತ್ತು ಅಂಗಡಿಯಲ್ಲಿ ಸಿಗುವ ಒಂದು ಒಳ್ಳೆಯ ಎಂ10 ಸ್ಟೀಲ್ ನಟ್. ನಟ್ ಮರೆಯಬೇಡಿ, ಕೊನೆಯಲ್ಲಿ ಪರೀಕ್ಷೆ ಮಾಡುವುದು ಅದರಿಂದಲೇ. ಪಿಚ್ ಗೇಜ್ ಇಲ್ಲದಿದ್ದರೆ ಕ್ಯಾಲಿಪರ್‌ನಲ್ಲಿ ಒಂದು ಏಣಿನಿಂದ ಹನ್ನೊಂದನೇ ಏಣಿನವರೆಗೆ ಅಳೆದು ಹತ್ತರಿಂದ ಭಾಗಿಸಿ. ಎರಡೇ ಏಣಿನ ನಡುವೆ ಅಳೆದರೆ 1.25 ಮತ್ತು 1.5ರ ವ್ಯತ್ಯಾಸ ಸಿಗುವುದಿಲ್ಲ.

ಹಂತ 1: ಅಳತೆ ಕಾಗದದ ಮೇಲೆ

ಮೆಟ್ರಿಕ್ ಥ್ರೆಡ್ಡಿನ ಆಕಾರ 60 ಡಿಗ್ರಿಯ ತ್ರಿಕೋನ. ನಮ್ಮಲ್ಲಿ ಇದರ ಮಾನಕ ಐಎಸ್ 4218. ಚೂಪಾದ ಪೂರ್ತಿ ತ್ರಿಕೋನದ ಎತ್ತರ ಪಿಚ್‌ನ 0.866 ಪಟ್ಟು. ಆದರೆ ನಿಜವಾದ ಥ್ರೆಡ್ ಚೂಪಾಗಿರುವುದಿಲ್ಲ: ಏಣಿನ ಮೇಲೆ ಪಿಚ್‌ನ ಎಂಟನೇ ಒಂದು ಭಾಗ ಚಪ್ಪಟೆ ಇರುತ್ತದೆ, ತೋಡಿನ ತಳವೂ ಮೊಂಡಾಗಿರುತ್ತದೆ. "ಥ್ರೆಡ್ ಅಂದರೆ ವಿ ಆಕಾರ" ಎಂದುಕೊಂಡು ಪಿಚ್‌ನಷ್ಟೇ ಅಗಲದ ತ್ರಿಕೋನ ಬರೆಯುವುದು ಎಲ್ಲರೂ ಮಾಡುವ ಮೊದಲ ತಪ್ಪು.

ಬೋಲ್ಟಿನ ತಳದ ವ್ಯಾಸಕ್ಕೆ ಸೂತ್ರ: ಹೊರ ವ್ಯಾಸದಿಂದ ಪಿಚ್‌ನ 1.2269 ಪಟ್ಟನ್ನು ಕಳೆಯಿರಿ. ಎಂ10 × 1.5ಕ್ಕೆ 10 − 1.84 = 8.16. ಅಂದರೆ ತ್ರಿಜ್ಯ 4.08, ತೋಡಿನ ಆಳ 0.92. ಆ ತಳದಲ್ಲಿ ತೋಡಿನ ಅಗಲ 0.25 ಮಿ.ಮೀ. ಈ ಮೂರು ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳಿ. ಬೇರೆ ಅಳತೆಯ ಬೋಲ್ಟಾದರೆ ಪಿಚ್ ಬದಲಾಗುತ್ತದೆ: ಎಂ6ಕ್ಕೆ 1, ಎಂ8ಕ್ಕೆ 1.25, ಎಂ12ಕ್ಕೆ 1.75, ಎಂ16ಕ್ಕೆ 2. ತಳದ ಅಗಲ ಯಾವಾಗಲೂ ಪಿಚ್‌ನ ಆರನೇ ಒಂದು ಭಾಗ.

ಹಂತ 2: ಕಾಂಡವನ್ನು ಒಂದೇ ಸ್ಕೆಚ್‌ನಲ್ಲಿ

ಸಿಲಿಂಡರ್ ಮಾಡಿ ಆಮೇಲೆ ಚಾಂಫರ್ (ಓರೆ ಅಂಚು), ಆಮೇಲೆ ಗ್ರೂವ್ ಎಂದು ಒಂದೊಂದಾಗಿ ಸೇರಿಸುತ್ತಾ ಹೋಗಬೇಡಿ. ಥ್ರೆಡ್ ಕೊರೆದ ಮೇಲೆ ತುದಿಯ ಅಂಚು ತುಂಡುತುಂಡಾಗಿ ಹೋಗಿರುತ್ತದೆ, ಆಗ ಚಾಂಫರ್ ಕೂರುವುದಿಲ್ಲ. ಕಾಂಡದ ಅರ್ಧ ಸೀಳನ್ನು ಒಟ್ಟಿಗೇ ಬರೆದು ತಿರುಗಿಸಿಬಿಡಿ.

ಪಾರ್ಟ್ ಡಿಸೈನ್‌ನಲ್ಲಿ ಹೊಸ ಬಾಡಿ ಮಾಡಿ, ಎಕ್ಸ್‌ಝೆಡ್ ಸಮತಲದಲ್ಲಿ ಸ್ಕೆಚ್ ತೆರೆಯಿರಿ. ಅಡ್ಡ ದೂರ ಮೊದಲು, ಎತ್ತರ ಆಮೇಲೆ ಎಂಬ ಲೆಕ್ಕದಲ್ಲಿ ಬಿಂದುಗಳು ಹೀಗೆ: 0, 0 — 5, 0 — 5, 8 — 3.85, 8 — 3.85, 11 — 5, 11 — 5, 29 — 4, 30 — 0, 30, ಮರಳಿ ಮೊದಲ ಬಿಂದು. ಸ್ಕೆಚ್ ಪೂರ್ತಿ ಹಸಿರಾಗುವವರೆಗೆ ಅಳತೆ ಕೊಟ್ಟು, ರೆವಲ್ಯೂಷನ್‌ನಲ್ಲಿ ಝೆಡ್ ಅಕ್ಷದ ಸುತ್ತ 360 ಡಿಗ್ರಿ ತಿರುಗಿಸಿ.

ತುದಿಯಲ್ಲಿ 1 ಮಿ.ಮೀ. ಚಾಂಫರ್ ಬಂತು. ಅದು ತೋಡಿನ ಆಳಕ್ಕಿಂತ ತುಸು ಹೆಚ್ಚಿರುವುದರಿಂದ ನಟ್ ಹಿಡಿಯುವಾಗ ಮೊದಲ ಸುತ್ತು ಅಡ್ಡ ಬರುವುದಿಲ್ಲ. 8ರಿಂದ 11ರವರೆಗಿನ ಆ ಸೊಂಟ ನೋಡಿ, ವ್ಯಾಸ 7.7. ಲೇಥ್‌ನವರು ಇದನ್ನು ಅಂಡರ್‌ಕಟ್ ಎನ್ನುತ್ತಾರೆ. ಟೂಲ್ ಹೊರಗೆ ಬರಲು ಅವರಿಗೆ ಜಾಗ ಬೇಕು. ನಮಗೆ ಬೇಕಿರುವ ಕಾರಣ ಬೇರೆ: ಸುರುಳಿ ಗಟ್ಟಿ ಲೋಹದ ನಡುವೆ ಏಕಾಏಕಿ ಶುರುವಾದರೆ ಅಲ್ಲಿ ಒಂದು ಮೊಂಡು ಗೋಡೆ ನಿಲ್ಲುತ್ತದೆ, ನಟ್ ಅಲ್ಲಿಗೆ ಬಂದು ಕಚ್ಚಿಕೊಳ್ಳುತ್ತದೆ. ಸೊಂಟದ ಖಾಲಿ ಜಾಗದಲ್ಲಿ ಶುರುವಾದರೆ ಆ ಗೋಡೆಯೇ ಇರುವುದಿಲ್ಲ. ಸೊಂಟದ ವ್ಯಾಸ ಥ್ರೆಡ್ಡಿನ ತಳದ 8.16ಕ್ಕಿಂತ ಕಡಿಮೆಯೇ ಇರಬೇಕು. ಎರಡೂ ಒಂದೇ ಆದರೆ ಎರಡು ಮೈಗಳು ಒಂದರ ಮೇಲೊಂದು ಅಂಟಿ ಲೆಕ್ಕ ಕೆಡುತ್ತದೆ.

ಹಂತ 3: ತಲೆ

ಎಕ್ಸ್‌ವೈ ಸಮತಲದಲ್ಲಿ ಷಟ್ಕೋನ ಬರೆದು, ಎದುರುಬದುರು ಬದಿಗಳ ನಡುವೆ 17 ಮಿ.ಮೀ. ಕೊಟ್ಟು, ಕೆಳಮುಖವಾಗಿ 6.4 ಪ್ಯಾಡ್ ಮಾಡಿ, ಅಂದರೆ ಅಷ್ಟು ದಪ್ಪ ಕೊಡಿ. ಐಎಸ್ಒ ಪ್ರಕಾರ 16 ಇರುವ ಬೋಲ್ಟೂ ಸಿಗುತ್ತದೆ. ನಿಮ್ಮ ಸ್ಪ್ಯಾನರ್ ಯಾವುದೋ ಅದಕ್ಕೆ ಹೊಂದಿಸಿ. ತಲೆಯನ್ನು ಥ್ರೆಡ್ಡಿಗಿಂತ ಮೊದಲೇ ಮಾಡಿ, ಯಾಕೆಂದರೆ ಸುರುಳಿ ಬಂದ ಮೇಲೆ ಮಾಡುವ ಪ್ರತಿ ಬದಲಾವಣೆಗೂ ಕಂಪ್ಯೂಟರ್ ಇಡೀ ಲೆಕ್ಕವನ್ನು ಮತ್ತೆ ಹಾಕುತ್ತದೆ.

ಹಂತ 4: ತೋಡಿನ ಸ್ಕೆಚ್ — ಇಲ್ಲಿ ನಿಧಾನ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ವೈಝೆಡ್ ಸಮತಲದಲ್ಲಿ ಹೊಸ ಸ್ಕೆಚ್ ತೆರೆಯಿರಿ. ಎಕ್ಸ್‌ಝೆಡ್ ಬೇಡ: ತಿರುಗಿಸಿ ಮಾಡಿದ ಮೈಯ ಹೊಲಿಗೆ ಗೆರೆ ಆ ಸಮತಲದಲ್ಲೇ ಬೀಳುತ್ತದೆ. ಸುರುಳಿಯೂ ಅದೇ ಗೆರೆಯ ಮೇಲೆ ಶುರುವಾದರೆ ಕೆಲವೊಮ್ಮೆ ಕೊರೆತ ವಿಫಲವಾಗುತ್ತದೆ.

ಎತ್ತರ 10ರಲ್ಲಿ ಒಂದು ಅಡ್ಡ ಸಹಾಯಕ ಗೆರೆ ಎಳೆಯಿರಿ. ಅದರ ಮೇಲೆ ಕೆಳಗೆ ಸಮವಾಗಿ ಕೂರುವ ಟ್ರಪೀಜಿಯಂ ಬರೆಯಿರಿ. ಒಳಗಿನ ಚಿಕ್ಕ ಬದಿ ಅಕ್ಷದಿಂದ 4.08 ದೂರ, ಉದ್ದ 0.25. ಹೊರಗಿನ ದೊಡ್ಡ ಬದಿ ಅಕ್ಷದಿಂದ 5.1 ದೂರ. ಎರಡು ಓರೆ ಬದಿಗಳ ನಡುವಿನ ಕೋನ 60 ಡಿಗ್ರಿ. ದೊಡ್ಡ ಬದಿಯ ಉದ್ದವನ್ನು ನೀವು ಕೊಡಬೇಡಿ, ತಾನಾಗಿ ಬರಲಿ. ಅದನ್ನು ಬರೀ ನೋಡುವ ಅಳತೆಯಾಗಿ ಇಟ್ಟರೆ 1.428 ಎಂದು ತೋರಿಸಬೇಕು.

ಇಲ್ಲಿ ಎರಡು ಪ್ರಶ್ನೆ ಏಳುತ್ತವೆ. ಕಾಂಡದ ತ್ರಿಜ್ಯ 5 ಇರುವಾಗ 5.1 ಯಾಕೆ? ತೋಡಿನ ಬದಿ ಸರಿಯಾಗಿ 5ರ ಮೇಲೆ ಕೂತರೆ ಕಾಂಡದ ಮೈ ಮತ್ತು ಕೊರೆಯುವ ಆಕಾರದ ಮೈ ಒಂದೇ ಆಗುತ್ತದೆ. ಯಾವುದು ಒಳಗೆ, ಯಾವುದು ಹೊರಗೆ ಎಂದು ಲೆಕ್ಕಕ್ಕೆ ತಿಳಿಯುವುದಿಲ್ಲ. ಮೈಯನ್ನು ಸ್ಪಷ್ಟವಾಗಿ ದಾಟಿ ಹೋಗಬೇಕು.

ಹಾಗಾದರೆ 5.5 ಇಟ್ಟರೆ ಇನ್ನೂ ಒಳ್ಳೆಯದಲ್ಲವೇ? ಅಲ್ಲ. ಹೊರಗೆ ಹೋದಷ್ಟೂ ಟ್ರಪೀಜಿಯಂ ಅಗಲವಾಗುತ್ತಾ ಹೋಗುತ್ತದೆ. 5.16ರ ಹತ್ತಿರ ಅದರ ಅಗಲ 1.5 ಆಗಿಬಿಡುತ್ತದೆ, ಅಂದರೆ ಪಿಚ್‌ನಷ್ಟೇ. ಆಗ ಒಂದು ಸುತ್ತಿನ ತೋಡು ಮುಂದಿನ ಸುತ್ತಿನ ತೋಡನ್ನು ಮುಟ್ಟುತ್ತದೆ. ಅಡಿಕೆ ತೋಟದಲ್ಲಿ ಎರಡು ಬಸಿಗಾಲುವೆಗಳನ್ನು ಅಗಲ ಮಾಡುತ್ತಾ ಹೋದರೆ ನಡುವಿನ ಮಣ್ಣು ಕುಸಿಯುತ್ತದಲ್ಲ, ಹಾಗೆಯೇ ಇದು. ಸುರುಳಿ ತನ್ನನ್ನೇ ತಾನು ಕತ್ತರಿಸಿಕೊಂಡು ಒಡೆಯುತ್ತದೆ. ದೊಡ್ಡ ಬದಿ ಯಾವಾಗಲೂ ಪಿಚ್‌ಗಿಂತ ಕಡಿಮೆ ಇರಲಿ. ಪಿಚ್ 1.5 ಇದ್ದಾಗ 0.05ರಿಂದ 0.1ರಷ್ಟು ಕಡಿಮೆ ಇದ್ದರೆ ಸಾಕು.

ಹಂತ 5: ಕೊರೆಯುವುದು

ಸ್ಕೆಚ್ ಮುಚ್ಚಿ, ಅದನ್ನೇ ಆರಿಸಿ ಸಬ್‌ಟ್ರ್ಯಾಕ್ಟಿವ್ ಹೆಲಿಕ್ಸ್ ಒತ್ತಿ. ಅಕ್ಷಕ್ಕೆ ಬೇಸ್ ಝೆಡ್. ವಿಧಾನ ಪಿಚ್-ಎತ್ತರ-ಕೋನ. ಪಿಚ್ 1.5, ಎತ್ತರ 22, ಕೋನ 0. ಸುರುಳಿ 10ರಲ್ಲಿ ಶುರುವಾಗಿ 32ರಲ್ಲಿ ಮುಗಿಯುತ್ತದೆ, ಅಂದರೆ ಬೋಲ್ಟಿನ ತುದಿಯಿಂದ 2 ಮಿ.ಮೀ. ಹೊರಗೆ ಗಾಳಿಯಲ್ಲಿ. ಶುರು ಸೊಂಟದ ಖಾಲಿಯಲ್ಲಿ, ಕೊನೆ ಗಾಳಿಯಲ್ಲಿ. ಎರಡೂ ತುದಿ ಎಲ್ಲೂ ಮುಟ್ಟುವುದಿಲ್ಲ.

ಎಡಗೈ ಥ್ರೆಡ್ಡಿನ ಟಿಕ್ ಹಾಕಬೇಡಿ. ಸುರುಳಿ ಕೆಳಗೆ ತಲೆಯ ಕಡೆ ಹೋಗುತ್ತಿದ್ದರೆ ರಿವರ್ಸ್ಡ್ ಟಿಕ್ ನೋಡಿ. ದಿಕ್ಕು ಸರಿಮಾಡಲು ಎಡಗೈ ಟಿಕ್ ಬಳಸಿದವರ ಬೋಲ್ಟ್ ಯಾವ ನಟ್‌ಗೂ ಹೋಗುವುದಿಲ್ಲ.

ಹಳೆಯ ಲ್ಯಾಪ್‌ಟಾಪ್ ಆದರೆ ಇಲ್ಲಿ ಅರ್ಧ ನಿಮಿಷವೋ ಇನ್ನೂ ಹೆಚ್ಚೋ ಪರದೆ ಹೆಪ್ಪುಗಟ್ಟಿದಂತೆ ನಿಲ್ಲಬಹುದು. ಕಾಯಿರಿ. ಓಕೆ ಒತ್ತುವ ಮೊದಲೇ ಫೈಲ್ ಸೇವ್ ಆಗಿರಲಿ, ಮಳೆಗಾಲದಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದು. ಬೇರೆ ಬದಲಾವಣೆ ಬಾಕಿಯಿದ್ದರೆ ಹೆಲಿಕ್ಸ್‌ನ ಸಪ್ರೆಸ್ಡ್ ಗುಣವನ್ನು ಟ್ರೂ ಮಾಡಿ (ಆಗ ಸುರುಳಿ ತಾತ್ಕಾಲಿಕವಾಗಿ ಲೆಕ್ಕದಿಂದ ಹೊರಗುಳಿಯುತ್ತದೆ) ಕೆಲಸ ಮುಗಿಸಿ, ಕೊನೆಗೆ ಮತ್ತೆ ಫಾಲ್ಸ್ ಮಾಡಿ.

ಹಂತ 6: ಸರಿ ಬಂದಿದೆಯೇ?

ಚೆನ್ನಾಗಿ ಕಾಣುತ್ತಿದೆ ಎಂಬುದನ್ನು ನಂಬಬೇಡಿ. ಪಾರ್ಟ್ ವರ್ಕ್‌ಬೆಂಚ್‌ನ ಚೆಕ್ ಜ್ಯಾಮಿಟ್ರಿ ಓಡಿಸಿ. ಆಮೇಲೆ ವ್ಯೂ ಮೆನುವಿನ ಕ್ಲಿಪಿಂಗ್‌ನಿಂದ ಬೋಲ್ಟನ್ನು ಉದ್ದಕ್ಕೆ ಸೀಳಿ ನೋಡಿ. ಏಣಿನ ತುದಿಗಳು ಚಪ್ಪಟೆಯಾಗಿ, ಎಲ್ಲ ಒಂದೇ ಅಗಲಕ್ಕೆ ಇರಬೇಕು. ಚಪ್ಪಟೆಯ ಅಗಲ 0.19ರ ಹತ್ತಿರ ಬರಬೇಕು.

ಇನ್ನೊಂದು ಪರೀಕ್ಷೆ ಇನ್ನೂ ಗಟ್ಟಿ. ಹೆಲಿಕ್ಸ್ ಸಪ್ರೆಸ್ ಮಾಡಿ ಒಮ್ಮೆ, ಬಿಟ್ಟು ಒಮ್ಮೆ ಎಕ್ಸ್‌ಪೋರ್ಟ್ ಮಾಡಿ ಪ್ರೂಸಾ ಸ್ಲೈಸರ್‌ನಲ್ಲಿ (ಆಕಾರವನ್ನು ಪದರಗಳಾಗಿ ಸೀಳಿ ಪ್ರಿಂಟರ್‌ಗೆ ಕೊಡುವ ಸಾಫ್ಟ್‌ವೇರ್) ಎರಡರ ಘನ ಅಳತೆ ಹೋಲಿಸಿ. ಈ ಬೋಲ್ಟಿಗೆ ವ್ಯತ್ಯಾಸ ಸುಮಾರು 255 ಘನ ಮಿ.ಮೀ. ಬರಬೇಕು. ತೀರಾ ಕಡಿಮೆ ಬಂದರೆ ಕೆಲವು ಸುತ್ತು ಕೊರೆದೇ ಇಲ್ಲ. ಹೆಚ್ಚು ಬಂದರೆ ಏಣುಗಳು ತಿಂದುಹೋಗಿವೆ.

ಹಂತ 7: ಸಡಿಲ ಎಲ್ಲಿ ಕೊಡಬೇಕು

ಲೆಕ್ಕದ ಅಳತೆಗೇ ಪ್ರಿಂಟ್ ಮಾಡಿದರೆ ಬೋಲ್ಟ್ ನಟ್‌ಗೆ ಏರುವುದಿಲ್ಲ. ಪ್ಲಾಸ್ಟಿಕ್ ಹೊರಕ್ಕೆ ತುಸು ಉಬ್ಬುತ್ತದೆ, ರಂಧ್ರ ತುಸು ಕುಗ್ಗುತ್ತದೆ. ಸ್ಟೀಲ್ ನಟ್‌ಗೆ ಹೋಗುವ ಬೋಲ್ಟಾದರೆ ತ್ರಿಜ್ಯದಲ್ಲಿ 0.15 ಕಡಿಮೆ ಮಾಡಿ: ಕಾಂಡ 4.85, ತೋಡಿನ ತಳ 3.93, ಹೊರ ಬದಿ 4.95. ಚಾಂಫರ್ ಮುಗಿಯುವ ತುದಿಯನ್ನೂ 4ರಿಂದ 3.85ಕ್ಕೆ ಇಳಿಸಿ. ಸೊಂಟ ಹಾಗೇ ಇರಲಿ. ಅಗಲ, ಕೋನ, ಪಿಚ್ ಯಾವುದನ್ನೂ ಮುಟ್ಟಬೇಡಿ.

ಸ್ಲೈಸರ್‌ನಲ್ಲಿ ನಟ್ಟನ್ನು 102 ಪರ್ಸೆಂಟ್‌ಗೆ ದೊಡ್ಡದು ಮಾಡುವುದು ಸುಲಭ ದಾರಿ ಎಂದು ತೋರುತ್ತದೆ. ಹಾಗೆ ಮಾಡಿದರೆ ಪಿಚ್ ಕೂಡ 1.53 ಆಗುತ್ತದೆ. ಸುತ್ತಿಗೆ 0.03 ತಪ್ಪು ಕೂಡುತ್ತಾ ಹೋಗುತ್ತದೆ. ನಟ್ ಗಿಡ್ಡವಿದ್ದರೆ ಹೇಗೋ ಏರುತ್ತದೆ. 15 ಮಿ.ಮೀ. ಆಳದ ಮುಚ್ಚಳವಾದರೆ ಕೆಲವು ಸುತ್ತು ಸಲೀಸಾಗಿ ಹೋಗಿ, ಆಮೇಲೆ ತುಕ್ಕು ಹಿಡಿದಂತೆ ಬಿಗಿದು ನಿಲ್ಲುತ್ತದೆ. ಅಲ್ಲಿ ಬಲ ಹಾಕಿದರೆ ಏಣು ಕಿತ್ತುಬರುತ್ತದೆ.

ಎರಡೂ ಭಾಗ ಪ್ರಿಂಟ್ ಮಾಡುವುದಾದರೆ ಸಡಿಲವನ್ನು ಒಂದಕ್ಕೇ ಕೊಡಿ, ನಟ್‌ಗೆ. 8.4 ದಪ್ಪದ ನಟ್‌ಗೆ 0.2 ಸಡಿಲ ಸೇರಿಸಿದ ಅಳತೆ ಹೀಗಿದೆ: ರಂಧ್ರದ ವ್ಯಾಸ 8.78. ತೋಡಿನ ಟ್ರಪೀಜಿಯಂ ಈಗ ತಿರುವುಮುರುವು: ಚಿಕ್ಕ ಬದಿ ಹೊರಗೆ, ಅಕ್ಷದಿಂದ 5.2ರಲ್ಲಿ, ಉದ್ದ 0.1875, ದೊಡ್ಡ ಬದಿ ಒಳಗೆ 4.29ರಲ್ಲಿ, ಅದು ತಾನಾಗಿ 1.24ರ ಹತ್ತಿರ ಬರಬೇಕು. ಸ್ಕೆಚ್ ನಟ್‌ನ ಕೆಳಗೆ −2ರಲ್ಲಿ, ಹೆಲಿಕ್ಸ್ ಎತ್ತರ 12.4. ರಂಧ್ರದ ಎರಡೂ ಬಾಯಿಗೆ ಮೊದಲೇ 1 ಮಿ.ಮೀ. ಚಾಂಫರ್ ಹಾಕಿ. ಇಲ್ಲದಿದ್ದರೆ ಪ್ರಿಂಟ್‌ನ ಮೊದಲ ಪದರ ಒಳಕ್ಕೆ ಹರಡಿ ಬಾಯಿಯನ್ನೇ ಮುಚ್ಚುತ್ತದೆ. ನಟ್ ಕೆಟ್ಟಿದೆ ಎಂದು ಎಸೆಯುವ ಎಷ್ಟೋ ತುಂಡುಗಳಲ್ಲಿ ಕೆಟ್ಟಿರುವುದು ಆ ಒಂದು ಪದರ ಮಾತ್ರ.

ಹಂತ 8: ಅರ್ಧ ಇಂಚಿನ ಪೈಪ್ ಥ್ರೆಡ್

ನಮ್ಮ ಕಡೆ ಹೆಚ್ಚು ಬೇಕಾಗುವುದು ಇದೇ. ಬೋರ್ಡೋ ದ್ರಾವಣದಲ್ಲಿರುವ ಮೈಲುತುತ್ತ ಕಬ್ಬಿಣವನ್ನು ತಿನ್ನುತ್ತದೆ. ಡ್ರಮ್ಮಿನ ಮುಚ್ಚಳ, ಸ್ಪ್ರಿಂಕ್ಲರ್ ಪೈಪಿನ ಕೊನೆಯ ಬಿರಡೆಯಂಥದ್ದು ಪ್ಲಾಸ್ಟಿಕ್‌ನಲ್ಲಿ ಇದ್ದರೆ ಅನುಕೂಲ.

ಅರ್ಧ ಇಂಚು ಎಂದು 12.7 ಮಿ.ಮೀ. ಬರೆದರೆ ಅಲ್ಲಿಗೇ ಕೆಟ್ಟಿತು. ಆ ಹೆಸರು ಹಳೆಯ ಕಾಲದ ಪೈಪಿನ ಒಳ ರಂಧ್ರದ ಲೆಕ್ಕದ್ದು. ಥ್ರೆಡ್ಡಿನ ಹೊರ ವ್ಯಾಸ 20.955, ತಳದ ವ್ಯಾಸ 18.631, ಇಂಚಿಗೆ 14 ಸುತ್ತು, ಪಿಚ್ 1.814. ಮುಕ್ಕಾಲು ಇಂಚಿಗೆ 26.441, 24.117, ಪಿಚ್ ಅದೇ. ಒಂದು ಇಂಚಿಗೆ 33.249, 30.291, ಪಿಚ್ 2.309. ಕೋನ 60 ಅಲ್ಲ, 55. ಮೆಟ್ರಿಕ್ ಸ್ಕೆಚ್ಚನ್ನೇ ದೊಡ್ಡದು ಮಾಡಿ ಬಳಸಿದರೆ ಒಂದೆರಡು ಸುತ್ತಿನಲ್ಲಿ ಅಡ್ಡ ಹಿಡಿಯುತ್ತದೆ.

ಅರ್ಧ ಇಂಚಿನ ಹೊರ ಥ್ರೆಡ್‌ಗೆ ತೋಡಿನ ತಳ ಅಕ್ಷದಿಂದ 9.316, ಅಲ್ಲಿನ ಅಗಲ 0.302. ಹೊರ ಬದಿ 10.578, ಅದರ ಅಗಲ 1.616 ಬರಬೇಕು. ಉಳಿದದ್ದೆಲ್ಲ ಮೇಲಿನ ಕ್ರಮವೇ. ಜಿಐ ಪೈಪಿನ ಥ್ರೆಡ್ 16ಕ್ಕೆ 1ರಂತೆ ಸಣ್ಣಗಾಗುತ್ತಾ ಹೋಗುತ್ತದೆ. ಪ್ರಿಂಟ್ ಮಾಡಿದ ಮುಚ್ಚಳಕ್ಕೆ ನೇರ ಥ್ರೆಡ್ ಮಾಡಿ ಟೆಫ್ಲಾನ್ ಟೇಪ್ ಸುತ್ತಿದರೆ ನಡೆಯುತ್ತದೆ.

ಒಂದು ಎಚ್ಚರಿಕೆ, ಇದನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಔಷಧಿ ಹೊಡೆಯುವ ಪವರ್ ಸ್ಪ್ರೇಯರ್‌ನ ಒತ್ತಡದ ಬದಿಗೆ ಪ್ರಿಂಟ್ ಮಾಡಿದ ಥ್ರೆಡ್ ಹಾಕಲೇಬೇಡಿ. ಪದರಗಳ ನಡುವೆ ಸೀಳಿದರೆ ತುಂಡು ಗುಂಡಿನಂತೆ ಹಾರುತ್ತದೆ, ದ್ರಾವಣ ಕಣ್ಣಿಗೆ ಬರುತ್ತದೆ. ಒತ್ತಡವಿಲ್ಲದ ಮುಚ್ಚಳ, ಬಿರಡೆ, ಹೀರುವ ಬದಿಯ ಜಾಲರಿ, ಇಷ್ಟಕ್ಕೇ ಬಳಸಿ.

ಕೆಟ್ಟಾಗ ಏನು ಕಾಣುತ್ತದೆ

ತೋಡಿನ ಸುರುಳಿ ಮಾತ್ರ ಉಳಿದು ಬೋಲ್ಟ್ ಮಾಯವಾದರೆ, ಪ್ರೊಫೈಲ್‌ನ ಹೊರಗಿನದನ್ನು ತೆಗೆಯುವ ಟಿಕ್ ಬಿದ್ದಿದೆ. ತೆಗೆಯಿರಿ.

ಮಲ್ಟಿಪಲ್ ಸಾಲಿಡ್ಸ್ ಎಂಬ ಸಂದೇಶ ಬಂದರೆ ಏಣು ಎಲ್ಲೋ ಕಾಂಡದಿಂದ ಬೇರ್ಪಟ್ಟಿದೆ. ಕೊರೆಯುವ ಬದಲು ಆ್ಯಡಿಟಿವ್ ಹೆಲಿಕ್ಸ್‌ನಿಂದ ಏಣನ್ನು ಅಂಟಿಸಲು ಹೋದವರಿಗೆ ಇದು ಹೆಚ್ಚು: ಏಣಿನ ಬುಡ ಕಾಂಡದ ಮೈಯನ್ನು ಬರೀ ಮುಟ್ಟಿದರೆ ಸಾಲದು, 0.1ರಷ್ಟು ಒಳಗೆ ಹೂತಿರಬೇಕು. ಎರಡರಲ್ಲಿ ಕೊರೆಯುವುದೇ ಒಳ್ಳೆಯ ದಾರಿ.

ಒಂದೆರಡು ಸುತ್ತು ಮಾತ್ರ ಕೊರೆದು ನಿಂತರೆ ದೊಡ್ಡ ಬದಿಯ ಅಗಲ ನೋಡಿ, ಪಿಚ್ ಮುಟ್ಟಿರುತ್ತದೆ. ಅಗಲ ಸರಿಯಿದ್ದೂ ಹಾಗಾದರೆ ಹೊರ ಬದಿಯನ್ನು 5.1ರಿಂದ 5.08ಕ್ಕೆ ಸರಿಸಿ ಮತ್ತೆ ನೋಡಿ.

ಹಂತ 9: ಪ್ರಿಂಟ್‌ಗೆ ಕಳಿಸುವುದು

ಮೆಶ್ ವರ್ಕ್‌ಬೆಂಚ್‌ನಲ್ಲಿ ಆಕಾರವನ್ನು ಮೆಶ್ (ಸಣ್ಣ ತ್ರಿಕೋನಗಳ ಜಾಲ) ಮಾಡುವಾಗ ಸರ್ಫೇಸ್ ಡೀವಿಯೇಷನ್ 0.1 ಇದ್ದರೆ ಎಂ10 ಥ್ರೆಡ್ ಕತ್ತಿಯಲ್ಲಿ ಕೆತ್ತಿದಂತೆ ಮೂಲೆಮೂಲೆಯಾಗುತ್ತದೆ. 0.01 ಇಡಿ. ನಿಮ್ಮ ಸ್ಲೈಸರ್ ಸ್ಟೆಪ್ ಫೈಲ್ ತೆಗೆದುಕೊಳ್ಳುವುದಾದರೆ ಇನ್ನೂ ಒಳ್ಳೆಯದು.

ಬೋಲ್ಟನ್ನು ನೆಟ್ಟಗೆ ನಿಲ್ಲಿಸಿ, ತಲೆ ಕೆಳಗೆ. ಪದರ 0.15, ಅಂದರೆ ಸುತ್ತಿಗೆ ಸರಿಯಾಗಿ ಹತ್ತು ಪದರ. ಥ್ರೆಡ್ಡಿನೊಳಗೆ ಸಪೋರ್ಟ್ ಬೇಡ, ಅದು ತೋಡಿನಲ್ಲಿ ಕಚ್ಚಿಕೊಂಡು ಕೀಳಲು ಬರುವುದಿಲ್ಲ. ಗೋಡೆ ನಾಲ್ಕು ಸುತ್ತಾದರೂ ಇರಲಿ. ಎಂ6 ಮತ್ತು ಅದಕ್ಕಿಂತ ಸಣ್ಣದನ್ನು ಪ್ರಿಂಟ್‌ನಲ್ಲಿ ಮಾಡುವ ಬದಲು ರಂಧ್ರಕ್ಕೆ ಟ್ಯಾಪ್ ಹಾಕಿ, ಅಥವಾ ಒಳಗೆ ಥ್ರೆಡ್ ಇರುವ ಹಿತ್ತಾಳೆಯ ಇನ್ಸರ್ಟ್ ಬಿಸಿ ಮಾಡಿ ಕೂರಿಸಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನ ಗಾಳಿಯಲ್ಲಿ ಬಿಟ್ಟ ಪಿಇಟಿಜಿ (ಪ್ರಿಂಟರ್‌ಗೆ ಹಾಕುವ ಒಂದು ಬಗೆಯ ಪ್ಲಾಸ್ಟಿಕ್ ತಂತಿ) ತೇವ ಕುಡಿದಿರುತ್ತದೆ. ನಾಝಲ್‌ನಿಂದ ಚಟಪಟ ಸದ್ದು, ತೋಡಿನಲ್ಲಿ ಜೇಡನ ಬಲೆಯಂತೆ ಎಳೆಗಳು ಕಂಡರೆ ಅದೇ ಕಾರಣ. 65 ಡಿಗ್ರಿಯಲ್ಲಿ ನಾಲ್ಕರಿಂದ ಆರು ತಾಸು ಒಣಗಿಸಿ, ಸಿಲಿಕಾ ಜೆಲ್ ಹಾಕಿದ ಮುಚ್ಚಿದ ಡಬ್ಬದಲ್ಲಿಡಿ.

ಇಡೀ ಭಾಗವನ್ನು ಪ್ರಿಂಟ್ ಮಾಡುವ ಮೊದಲು ಥ್ರೆಡ್ಡಿನ 6 ಮಿ.ಮೀ. ತುಂಡನ್ನಷ್ಟೇ ಕತ್ತರಿಸಿ ಪ್ರಿಂಟ್ ಮಾಡಿ, ಸ್ಟೀಲ್ ನಟ್ಟನ್ನು ಬೆರಳಿನಲ್ಲೇ ತಿರುಗಿಸಿ ನೋಡಿ. ಮೊದಲ ಸುತ್ತು ತುಸು ಗರಗರ ಎಂದು, ಎರಡನೇ ಸಲ ಸಲೀಸಾಗಿ ಹೋದರೆ ಸಡಿಲ ಸರಿಯಿದೆ. ಸ್ಪ್ಯಾನರ್ ಬೇಕೆನಿಸಿದರೆ ತ್ರಿಜ್ಯದಲ್ಲಿ ಇನ್ನೊಂದು 0.05 ಕಡಿಮೆ ಮಾಡಿ. ನಟ್ ಅಕ್ಕಪಕ್ಕ ಅಲ್ಲಾಡಿದರೆ 0.05 ವಾಪಸ್ ಕೊಡಿ.